ವಂಶವಾಹಿಯೆಂಬ ನ್ಯಾಸ: ಮನೆಯಲ್ಲೇ ಮಾಡಿಕೊಳ್ಳುವ ಡಿ.ಎನ್.ಎ. ಪರೀಕ್ಷೆಯ ಗುಣದೋಷ ವಿಮರ್ಶೆ

ಹೊಸ ವಸ್ತುವೊಂದು ಮಾರುಕಟ್ಟೆಗೆ ಬಂದಾಗ ಅದರಿಂದ ಲಾಭವೇನು ಎಂದು ಕೇಳುವುದು ವ್ಯಾಪಾರಸ್ಥ ಸಮಾಜಕ್ಕೆ ಸಹಜವಾದ ಅಭ್ಯಾಸ. ಅದರಿಂದ ಯಾರಿಗೆ ಬಾಧೆ ಎಂದು ಜೊತೆಯಲ್ಲೇ ಕೇಳುವುದು ಶ್ರಾವಕಧರ್ಮ. ಈ ಎರಡು ಪ್ರಶ್ನೆಗಳನ್ನೂ ಕೇಳಲೇಬೇಕಾದ ವಸ್ತುವೊಂದು ಈಗ ನಮ್ಮ ಮನೆಗಳ ಹತ್ತಿರ ಬಂದಿದೆ. ಅಂಚೆಯಲ್ಲಿ ಬರುವ ಚಿಕ್ಕ ಪೆಟ್ಟಿಗೆ; ಅದರೊಳಗೊಂದು ನಳಿಗೆ; ನಳಿಗೆಯಲ್ಲಿ ಉಗುಳನ್ನು ತುಂಬಿ ಹಿಂದಕ್ಕೆ ಕಳುಹಿಸಿದರೆ ಕೆಲವು ವಾರಗಳಲ್ಲಿ ವಂಶದ ಮೂಲ, ದೂರದ ನೆಂಟರು, ಮುಂದೆ ಬರಬಹುದಾದ ಕಾಯಿಲೆಗಳು ಇವೆಲ್ಲದರ ವರದಿ ಬರುತ್ತದೆ. ಬಸವಕಲ್ಯಾಣ, ಹುಮನಾಬಾದ್‌ಗಳ ಮನೆತನಗಳ ಮಕ್ಕಳು ಹೈದರಾಬಾದ್, ಪುಣೆಗಳಲ್ಲಿಯೂ ಸಮುದ್ರದಾಚೆಯ ದೇಶಗಳಲ್ಲಿಯೂ ನೆಲೆಸಿರುವಾಗ ಇದು ನಮಗೆ ಸಂಬಂಧಪಡದ ವಿಷಯವೆಂದು ಹೇಳುವಂತಿಲ್ಲ. ಅಲ್ಲಿ ಒಬ್ಬ ಮಗ ತುಂಬಿ ಕಳುಹಿಸಿದ ನಳಿಗೆಯಲ್ಲಿ ಇಲ್ಲಿಯ ತಂದೆತಾಯಿ, ಸೋದರಮಾವ, ಅಕ್ಕತಂಗಿಯರೆಲ್ಲರ ಪಾಲೂ ಇರುತ್ತದೆ. ಈ ಪರೀಕ್ಷೆಯ ಗುಣದೋಷಗಳನ್ನು ಅಣುವ್ರತಗಳ ಅಳತೆಗೋಲಿನಿಂದ ತೂಗಿನೋಡುವುದು ಈ ಲೇಖನದ ಉದ್ದೇಶ.

ಪರೀಕ್ಷೆ ಎಂದರೇನು?

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದದ ವಂಶಲಿಪಿಯೊಂದು ಅಡಗಿದೆ. ಮನೆಯ ಪರೀಕ್ಷೆಗಳಲ್ಲಿ ಬಹುಪಾಲು ಈ ಲಿಪಿಯನ್ನು ಪೂರ್ತಿಯಾಗಿ ಓದುವುದಿಲ್ಲ; ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸ ಕಾಣುವ ಆರೇಳು ಲಕ್ಷ ಸ್ಥಾನಗಳನ್ನು ಮಾತ್ರ ನೋಡುತ್ತವೆ. ಅಷ್ಟರಿಂದಲೇ ರಕ್ತಸಂಬಂಧ ಸ್ಪಷ್ಟವಾಗಿ ತಿಳಿದುಬರುತ್ತದೆ. ತಂದೆತಾಯಿಗಳೊಡನೆ ನಮ್ಮ ಹಂಚಿಕೆ ಅರ್ಧ. ಒಡಹುಟ್ಟಿದವರೊಡನೆ ಸರಾಸರಿ ಅರ್ಧ. ಚಿಕ್ಕಪ್ಪ, ಸೋದರಮಾವಂದಿರೊಡನೆ ಸುಮಾರು ಕಾಲುಭಾಗ. ಅವರ ಮಕ್ಕಳೊಡನೆ ಸುಮಾರು ಎಂಟನೆಯ ಒಂದು ಭಾಗ.

ಈ ಮಾತು ಕಲ್ಯಾಣದ ನೆಲಕ್ಕೆ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿಗೆ ಸುಮಾರು ಒಂಬೈನೂರು ವರ್ಷಗಳ ಹಿಂದೆ, ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಸಪಿಂಡರೆಂದರೆ ಯಾರು ಎಂಬ ಪ್ರಶ್ನೆಗೆ, ಪಿಂಡಪ್ರದಾನ ಮಾಡುವವರು ಎಂಬ ಅರ್ಥವನ್ನು ಬಿಟ್ಟು, ಒಂದೇ ಶರೀರದ ಅಂಶಗಳನ್ನು ಪಡೆದವರು ಎಂಬ ಅರ್ಥವನ್ನು ಅವನು ಹಿಡಿದನು. ತಂದೆಯ ಮೂಲಕ ತಾತನ, ತಾಯಿಯ ಮೂಲಕ ಮಾತಾಮಹನ ಶರೀರದ ಅಂಶಗಳು ನಮ್ಮಲ್ಲಿ ಬಂದಿವೆಯೆಂದನು. ಹೀಗೆ ಹಿಂದೆ ಹಿಂದೆ ಹೋದರೆ ಎಲ್ಲರೂ ಎಲ್ಲರಿಗೂ ಸಪಿಂಡರಾಗಬಹುದೆಂಬುದನ್ನು ತಾನೇ ಗುರುತಿಸಿ, ತಾಯಿಯ ಕಡೆ ಐದನೆಯ, ತಂದೆಯ ಕಡೆ ಏಳನೆಯ ತಲೆಮಾರಿಗೆ ಎಲ್ಲೆಯನ್ನು ಒಪ್ಪಿದನು. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆ ಈ ಎಲ್ಲೆಯನ್ನು ಮೂರು ಮತ್ತು ಐದಕ್ಕೆ ಇಳಿಸಿತು. ರೂಢಿಯಿದ್ದಲ್ಲಿ ಅದಕ್ಕೂ ವಿನಾಯಿತಿ ಕೊಟ್ಟಿತು. ವಿಜ್ಞಾನೇಶ್ವರನಿಗೆ ವಂಶವಾಹಿಯ ವಿಷಯ ತಿಳಿದಿತ್ತೆಂದು ಇದರ ಅರ್ಥವಲ್ಲ. ಆದರೆ ಒಬ್ಬನ ಶರೀರವು ಅವನೊಬ್ಬನದೇ ಅಲ್ಲ, ಅದರಲ್ಲಿ ಹಲವರ ಅಂಶವಿದೆ ಎಂಬ ತಿಳಿವಳಿಕೆ ಮಾತ್ರ ಅವನಲ್ಲಿ ಖಚಿತವಾಗಿತ್ತು. ನಮ್ಮ ಇಡೀ ವಿಮರ್ಶೆ ನಿಂತಿರುವುದು ಈ ಒಂದು ತಿಳಿವಳಿಕೆಯ ಮೇಲೆ.

ಪ್ರಯೋಜನದ ಪಕ್ಷ

ಮೊದಲು ಗುಣವನ್ನು ಹೇಳಬೇಕು. ದೋಷವನ್ನಷ್ಟೇ ಎಣಿಸುವುದು ಏಕಾಂತವಾದವಾದೀತು. ವಂಶವಾಹಿಯ ಜ್ಞಾನದಿಂದ ಜೀವಗಳು ಉಳಿದಿವೆ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಅದರ ವಾಹಕನಾದವನು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾನೆ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರವಾದ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗು ಬದುಕಿರುವಷ್ಟು ಕಾಲ ಪರರ ರಕ್ತವನ್ನು ಪಡೆಯುತ್ತಿರಬೇಕಾಗುತ್ತದೆ. ತಂದೆತಾಯಿಗಳಾಗಲಿರುವವರು ಇದನ್ನು ಮೊದಲೇ ತಿಳಿದುಕೊಳ್ಳುವುದು ಪಾಪವಲ್ಲ, ವಿವೇಕ.

ಇನ್ನೊಂದು ಉದಾಹರಣೆ. ತೆಲುಗು ನಾಡಿನ ವೈಶ್ಯ ಸಮುದಾಯದ ಕೆಲವರಲ್ಲಿ ಒಂದು ಕಿಣ್ವದ ಕೊರತೆ ವಂಶಪಾರಂಪರ್ಯವಾಗಿ ಬಂದಿರುವುದರಿಂದ, ಶಸ್ತ್ರಕ್ರಿಯೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲೀನ್ ಎಂಬ ಔಷಧ ಅವರಿಗೆ ಅಪಾಯಕಾರಿಯಾಗುತ್ತದೆ. ಇದು ತಿಳಿದಿರುವ ಅರಿವಳಿಕೆ ತಜ್ಞರು ಮುಂಜಾಗ್ರತೆ ವಹಿಸುತ್ತಾರೆ. ಒಳಪಂಗಡದೊಳಗೇ ಮದುವೆಯಾಗುತ್ತ ಬಂದ ಸಮುದಾಯಗಳಲ್ಲಿ ಇಂತಹ ವಿಶೇಷಗಳು ಉಳಿದುಬರುತ್ತವೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ಪರಿಶೀಲಿಸಿ, ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದುಬಂದ ಗುರುತು ಫಿನ್ಲೆಂಡಿನ ಜನರಿಗಿಂತಲೂ ಅಶ್ಕೆನಾಜಿ ಯಹೂದಿಗಳಿಗಿಂತಲೂ ಪ್ರಬಲವಾಗಿದೆಯೆಂದು ತೋರಿಸಿತು. ಪಂಚಮ, ಚತುರ್ಥ, ಸೈತವಾಳ, ಕಾಸಾರ ಎಂದು ಹಂಚಿಹೋದ ನಮ್ಮ ಸಮಾಜ ಈ ವಿಷಯವನ್ನು ಅಲಕ್ಷಿಸಬಾರದು.

ಹೀಗೆ ಪ್ರಯೋಜನವಿರುವುದು ನಿಜ. ಆದರೆ ಮೇಲೆ ಹೇಳಿದ ಪ್ರಯೋಜನಗಳಾವುವೂ ಅಂಚೆಯ ಪೆಟ್ಟಿಗೆಯಿಂದ ಬಂದವಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಥಲಸ್ಸೀಮಿಯಾದ ವಾಹಕತ್ವವನ್ನು ಆಸ್ಪತ್ರೆಯ ಸಾಧಾರಣ ರಕ್ತಪರೀಕ್ಷೆಯಿಂದಲೇ ಪತ್ತೆಮಾಡಬಹುದು. ಪೆಟ್ಟಿಗೆಯ ಆರೋಗ್ಯವರದಿಗಾದರೋ ಮಿತಿಗಳು ಬಹಳ. 'ಟ್ವೆಂಟಿತ್ರೀ ಆ್ಯಂಡ್ ಮಿ' ಎಂಬ ಅಮೆರಿಕದ ಕಂಪನಿಗೆ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತವು 2013ರ ನವೆಂಬರ್‌ನಲ್ಲಿ ಎಚ್ಚರಿಕೆಯ ಪತ್ರ ಬರೆದು ಆರೋಗ್ಯವರದಿಗಳ ಮಾರಾಟವನ್ನು ನಿಲ್ಲಿಸುವಂತೆ ಸೂಚಿಸಿತ್ತು. 2018ರ ಮಾರ್ಚ್‌ನಲ್ಲಿ ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ವರದಿಗೆ ಅನುಮತಿ ಸಿಕ್ಕಿತು. ಸಿಕ್ಕಿದ್ದು ಮೂರೇ ಮೂರು ವಿಕೃತಿಗಳಿಗೆ. ಆ ವಂಶವಾಹಿಗಳಲ್ಲಿ ತಿಳಿದಿದ್ದ ವಿಕೃತಿಗಳು ಸಾವಿರಕ್ಕೂ ಹೆಚ್ಚು. ಆ ಮೂರಾದರೂ ಅಶ್ಕೆನಾಜಿ ಯಹೂದಿ ಮೂಲದವರಲ್ಲಿ ಮುಖ್ಯವಾಗಿ ಕಾಣುವಂಥವು. ಹುಮನಾಬಾದಿನ ಹೆಣ್ಣುಮಗಳೊಬ್ಬಳು ಅಂಥ ವರದಿಯನ್ನು ನೋಡಿ 'ನನಗೆ ಭಯವಿಲ್ಲ' ಎಂದು ನಂಬಿದರೆ ಆ ನಂಬಿಕೆಗೆ ಆಧಾರವಿಲ್ಲ.

ವರದಿಯ ಮಾತು ಬಹುಪಾಲು ಸಂಭವದ ಮಾತು ಎಂಬುದನ್ನೂ ಮರೆಯಬಾರದು. ತಳಿವಿಜ್ಞಾನದ ಶ್ರೇಷ್ಠ ವಿದ್ವಾಂಸರಲ್ಲಿ ಒಬ್ಬರಾದ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು. ಅದೇ ವರ್ಷ 'ಸಂಖ್ಯಾ' ಪತ್ರಿಕೆಯಲ್ಲಿ ನಮ್ಮ ಸ್ಯಾದ್ವಾದವನ್ನು ಕುರಿತು ಲೇಖನ ಬರೆದರು. ವಂಶವಾಹಿಯನ್ನು ಬಲ್ಲ ಪಂಡಿತರೊಬ್ಬರಿಗೆ 'ಸ್ಯಾತ್' ಎಂಬ ಪದ ಆಕರ್ಷಕವಾಗಿ ಕಂಡದ್ದು ಅರ್ಥಪೂರ್ಣವಾಗಿದೆ. ಶರೀರದ ಲಿಪಿ ಒಂದು ಅಪೇಕ್ಷೆಯಿಂದ ನಿಜವನ್ನು ಹೇಳುತ್ತದೆ. ಆಹಾರ, ದುಡಿಮೆ, ನಡತೆ, ಚಿಕಿತ್ಸೆಗಳ ಅಪೇಕ್ಷೆಯಿಂದ ಆ ಮಾತು ಬದಲಾಗುತ್ತದೆ. ಅದನ್ನೇ ಹಣೆಬರಹವೆಂದು ಓದಿ ಕಂಗೆಡುವುದು ಮಿಥ್ಯಾದೃಷ್ಟಿ.

ಅಪಾಯದ ಪಕ್ಷ

ಈಗ ದೋಷದ ಕಡೆಗೆ ಬರೋಣ. ಮೇಲೆ ಹೇಳಿದ ಕಂಪನಿಯ ಕಥೆಯೇ ಸಾಕಷ್ಟು ಪಾಠ ಹೇಳುತ್ತದೆ. ಬೇರೆಡೆ ಕಳುವಾದ ಪಾಸ್‌ವರ್ಡ್‌ಗಳನ್ನು ಬಳಸಿ ಕಳ್ಳರು ಅದರ ಸುಮಾರು 14,000 ಗ್ರಾಹಕರ ಖಾತೆಗಳನ್ನು ತೆರೆದುದು 2023ರ ಅಕ್ಟೋಬರ್‌ನಲ್ಲಿ ಹೊರಬಂತು. ಆದರೆ 'ಡಿ.ಎನ್.ಎ. ಸಂಬಂಧಿಕರು' ಎಂಬ ಸೌಲಭ್ಯದ ಮೂಲಕ ಒಂದು ಖಾತೆಯಿಂದ ಅದರ ನೆಂಟರ ವಿವರಗಳು ಕಾಣುವಂತಿದ್ದುದರಿಂದ, ಒಟ್ಟು ಸುಮಾರು 69 ಲಕ್ಷ ಜನರ ಮಾಹಿತಿ ಅವರ ಕೈಸೇರಿತು. ಹದಿನಾಲ್ಕು ಸಾವಿರ ಬಾಗಿಲು ತೆರೆದರೆ ಅರವತ್ತೊಂಬತ್ತು ಲಕ್ಷ ಮನೆ ಬರಿದಾಗುವ ವಿಚಿತ್ರ ಕಳವು ಇದು. ಅಶ್ಕೆನಾಜಿ ಯಹೂದಿ ಮೂಲದವರದು, ಚೀನೀ ಮೂಲದವರದು ಎಂದು ವಿಂಗಡಿಸಿದ ಪಟ್ಟಿಗಳನ್ನು ಕಳ್ಳರು ಮಾರಾಟಕ್ಕಿಟ್ಟರು. ಜನಾಂಗವನ್ನು ಗುರುತಿಸಿ ಪಟ್ಟಿಮಾಡುವುದು ಎಷ್ಟು ಸುಲಭವೆಂಬುದು ಇದರಿಂದ ತಿಳಿಯುತ್ತದೆ.

2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಸುಮಾರು ಒಂದೂವರೆ ಕೋಟಿ ಗ್ರಾಹಕರ ವಂಶಲಿಪಿ ಆಗ ಸಾಲಗಾರರಿಗೂ ಖರೀದಿದಾರರಿಗೂ ಲೆಕ್ಕಕ್ಕೆ ಸಿಗುವ ಆಸ್ತಿಯಾಯಿತು. ಕಂಪನಿ ದಿವಾಳಿಯಾದರೆ ಅಥವಾ ಮಾರಾಟವಾದರೆ ಗ್ರಾಹಕರ ಮಾಹಿತಿಯೂ ಕೈಬದಲಾಗಬಹುದು ಎಂಬ ಷರತ್ತು ಅದರ ಕರಾರುಪತ್ರದಲ್ಲಿ ಮೊದಲೇ ಇತ್ತು. ಓದಿ ಒಪ್ಪಿದವರು ಎಷ್ಟು ಮಂದಿಯೋ! ಗ್ರಾಹಕರು ತಮ್ಮ ಮಾಹಿತಿಯನ್ನು ಅಳಿಸಿಹಾಕಿಸಬಹುದೆಂದು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆ ತಿಂಗಳೇ ಸಾರ್ವಜನಿಕವಾಗಿ ನೆನಪಿಸಬೇಕಾಯಿತು. ಕೊನೆಗೆ ಜುಲೈನಲ್ಲಿ, ಸಂಸ್ಥಾಪಕರಲ್ಲಿ ಒಬ್ಬರಾದ ಆ್ಯನ್ ವೊಜಿಸ್ಕಿಯವರ ನೇತೃತ್ವದ ಲಾಭರಹಿತ ಸಂಸ್ಥೆಯೊಂದು 30.5 ಕೋಟಿ ಡಾಲರಿಗೆ ಅದನ್ನು ಕೊಂಡಿತು.

ಮೂರನೆಯದು ನ್ಯಾಯದ ಪಕ್ಷದಲ್ಲಿಯೇ ಇರುವ ಪ್ರಸಂಗ. 1970, 80ರ ದಶಕಗಳಲ್ಲಿ ಅನೇಕ ಕೊಲೆ, ಅತ್ಯಾಚಾರಗಳನ್ನು ಮಾಡಿ ತಪ್ಪಿಸಿಕೊಂಡಿದ್ದವನೊಬ್ಬನನ್ನು ಕ್ಯಾಲಿಫೋರ್ನಿಯಾದ ಪೊಲೀಸರು 2018ರ ಏಪ್ರಿಲ್‌ನಲ್ಲಿ ಹಿಡಿದರು. ಅವನು ಯಾವ ಪರೀಕ್ಷೆಯನ್ನೂ ಮಾಡಿಸಿಕೊಂಡಿರಲಿಲ್ಲ; 'ಜೆಡ್‌ಮ್ಯಾಚ್' ಎಂಬ ಸಾರ್ವಜನಿಕ ಸಂಗ್ರಹದಲ್ಲಿದ್ದ ದೂರದ ನೆಂಟರ ಮಾಹಿತಿಯಿಂದ ಅವನ ಸುಳಿವು ಸಿಕ್ಕಿತು. ದುಷ್ಟನು ಸಿಕ್ಕಿದ್ದು ಒಳ್ಳೆಯದೇ. ಆದರೆ ಅದೇ ದಾರಿಯಿಂದ ನಿರಪರಾಧಿಯೂ ಸಿಗುತ್ತಾನೆ. ಅದೇ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಸುಮಾರು 12.8 ಲಕ್ಷ ಜನರ ಒಂದು ಸಂಗ್ರಹದಲ್ಲಿ ಯೂರೋಪ್ ಮೂಲದವರನ್ನು ಹುಡುಕಿದರೆ ನೂರಕ್ಕೆ ಅರವತ್ತು ಸಲ ಮೂರು ತಲೆಮಾರಿನಾಚೆಯ ದಾಯಾದಿಯೋ ಇನ್ನೂ ಹತ್ತಿರದವರೋ ಸಿಗುತ್ತಾರೆ. 2011ರ ಜನಗಣತಿಯಂತೆ ಇಡೀ ದೇಶದಲ್ಲಿ ಜೈನರು 44.5 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ಇಷ್ಟು ಚಿಕ್ಕ, ಒಳಗೊಳಗೇ ನೆಂಟಸ್ತನ ಬೆಳೆಸಿದ ಸಮಾಜದಲ್ಲಿ ಹೆಸರನ್ನು ಅಳಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ.

ನಮ್ಮ ದೇಶದ ಕಾನೂನು ಇನ್ನೂ ಪಕ್ವವಾಗಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು; ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಅಭಿಮಾನದ ಸಂಗತಿ. 2019ರ ಡಿ.ಎನ್.ಎ. ಮಸೂದೆಯನ್ನು ಸರಕಾರ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದರ ಮುಂದಿನ ತಿಂಗಳು ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ವಂಶವಾಹಿಯ ಮಾಹಿತಿಗೆ ಪ್ರತ್ಯೇಕವಾದ ರಕ್ಷಣೆಯನ್ನು ಹೇಳಿಲ್ಲ. ವಂಶವಾಹಿಯ ಕಾರಣದಿಂದ ನೌಕರಿಯಲ್ಲಿ, ಆರೋಗ್ಯವಿಮೆಯಲ್ಲಿ ಭೇದ ಮಾಡಬಾರದೆಂದು ಅಮೆರಿಕ 2008ರಲ್ಲಿ ಮಾಡಿಕೊಂಡಂಥ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ.

ಅಣುವ್ರತದ ಅಳತೆಗೋಲು

ಕಾನೂನು ಸುಮ್ಮನಿರುವಲ್ಲಿಯೂ ಧರ್ಮ ಸುಮ್ಮನಿರುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎರಡು ಇಂದಿನ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತವೆ.

ಒಂದು, ನ್ಯಾಸಾಪಹಾರ. ಕನ್ನಡ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ಒಬ್ಬನು ಹೊನ್ನನ್ನು ನ್ಯಾಸವಾಗಿ ಇಟ್ಟಿದ್ದಾನೆ. ಎಷ್ಟು ಇಟ್ಟೆನೆಂಬುದನ್ನು ಮರೆತು, ಇಟ್ಟುದಕ್ಕಿಂತ ಕಡಿಮೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿ ಉಳಿದುದನ್ನು ನುಂಗುತ್ತಾನೆ. ಇಲ್ಲಿ ಬಲಾತ್ಕಾರವಿಲ್ಲ, ಕನ್ನವಿಲ್ಲ. ಕೊಟ್ಟವನ ಅಜ್ಞಾನವೇ ಕಳವಿನ ಸಾಧನ. ಪೆಟ್ಟಿಗೆಯ ವ್ಯವಹಾರವೂ ಇದೇ ಬಗೆಯದು. ತಾನು ಕೊಟ್ಟದ್ದು ಎಷ್ಟೆಂಬುದು ಗ್ರಾಹಕನಿಗೆ ಗೊತ್ತಿಲ್ಲ; ಅವನು ಕೇಳುವುದು ವಂಶಮೂಲದ ನಾಲ್ಕು ಶೇಕಡಾಂಶಗಳನ್ನು. ಕಂಪನಿ ಅದನ್ನು ಕೊಟ್ಟು 'ಇದೇ ನಿಮ್ಮದು' ಎನ್ನುತ್ತದೆ. ಉಳಿದ ಲಕ್ಷಾಂತರ ಅಂಶಗಳು ಅದರ ಭಂಡಾರದಲ್ಲಿ ಉಳಿಯುತ್ತವೆ. ಗ್ರಾಹಕನು ಸಂಶೋಧನೆಗೆ ಸಮ್ಮತಿಯ ಗುರುತು ಹಾಕಿದ್ದರೆ ಔಷಧ ಕಂಪನಿಗಳ ಉಪಯೋಗಕ್ಕೂ ಹೋಗುತ್ತವೆ. ಅಕ್ಷರಶಃ ಇದು ಕರಾರಿನೊಳಗಿನ ವ್ಯವಹಾರವೇ. ಆದರೆ ಓದಲಾಗದಷ್ಟು ಉದ್ದದ ಕರಾರಿಗೆ ಒಂದು ಬೆರಳೊತ್ತಿನಿಂದ ಪಡೆದ ಸಮ್ಮತಿಯನ್ನು ಆಚಾರ್ಯರ ತಕ್ಕಡಿ ಸಮ್ಮತಿಯೆಂದು ಒಪ್ಪುವುದೇ?

ಎರಡು, ರಹೋಭ್ಯಾಖ್ಯಾನ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲುಮಾಡುವುದು ಎಂದು ಇದರ ವಿವರಣೆ. ಹೇಳಿದ ಮಾತು ಸುಳ್ಳಲ್ಲದಿದ್ದರೂ ಇದು ಸತ್ಯವ್ರತಕ್ಕೆ ಬಂದ ದೋಷವೆಂಬುದು ಗಮನಾರ್ಹ. ಮನೆಯ ಪರೀಕ್ಷೆಗಳು ಕೆಲವೊಮ್ಮೆ ತಿಳಿಸುವ ಸಂಗತಿಗಳು ಇಂಥವೇ: ತಂದೆಯೆಂದು ನಂಬಿದವನು ಜನಕನಲ್ಲ, ದತ್ತು ಬಂದ ಮಾತನ್ನು ಹಿರಿಯರು ಮಗುವಿಗೆ ಹೇಳಿಲ್ಲ. ಪಿತೃತ್ವದ ಸಂದೇಹಕ್ಕೆ ಮಕ್ಕಳ ಡಿ.ಎನ್.ಎ. ಪರೀಕ್ಷೆಯನ್ನು ವಾಡಿಕೆಯಂತೆ ಆಜ್ಞಾಪಿಸಬಾರದೆಂದು ಸುಪ್ರೀಂ ಕೋರ್ಟು 2023ರ ಫೆಬ್ರವರಿಯಲ್ಲಿ ಹೇಳಿತು. ನ್ಯಾಯಾಲಯವೇ ಹಿಂಜರಿಯುವ ಬಾಗಿಲನ್ನು ಹಬ್ಬದ ಉಡುಗೊರೆಯಾಗಿ ಬಂದ ಪೆಟ್ಟಿಗೆಯೊಂದು ತೆರೆಯಬಲ್ಲದು.

ಇವೆರಡರ ಜೊತೆಗೆ ಅಚೌರ್ಯದ ಮೂಲಲಕ್ಷಣವನ್ನೂ ನೋಡಬೇಕು. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯ. ನಳಿಗೆಯೊಳಗಿರುವ ತಮ್ಮನ ಅರ್ಧವನ್ನು ತಮ್ಮನು ಕೊಟ್ಟಿಲ್ಲ. ಇನ್ನೂ ಹುಟ್ಟದ ಮೊಮ್ಮಕ್ಕಳು ಕೊಟ್ಟಿಲ್ಲ. ವಂಶವಾಹಿ ನಮ್ಮ ಸ್ವಾರ್ಜಿತ ಆಸ್ತಿಯಲ್ಲ. ಹಿಂದಿನವರು ಇಟ್ಟುಹೋದ, ಮುಂದಿನವರಿಗೆ ಒಪ್ಪಿಸಬೇಕಾದ ನ್ಯಾಸ. ಅದನ್ನು ಕುತೂಹಲಕ್ಕಾಗಿ ಪರರ ಭಂಡಾರಕ್ಕೆ ಹಾಕುವ ಅಧಿಕಾರ ಒಬ್ಬನಿಗೇ ಇಲ್ಲವೆಂಬುದು ನಮ್ಮ ನಿರ್ಣಯ.

'ನಮ್ಮಲ್ಲಿ ಮುಚ್ಚಿಡುವಂಥದು ಏನಿದೆ?' ಎಂದು ಕೆಲವರು ಕೇಳುತ್ತಾರೆ. ತನ್ನಲ್ಲಿಲ್ಲದಿರಬಹುದು, ತಂಗಿಯಲ್ಲಿ ಇರಬಹುದಲ್ಲವೇ? ಇನ್ನು ಕೆಲವರು, ಪ್ರಾಣ ಉಳಿಸುವ ಸಂಗತಿಯನ್ನು ಗುಟ್ಟಾಗಿಡುವುದೂ ಹಿಂಸೆಯೇ ಎನ್ನುತ್ತಾರೆ. ಈ ಆಕ್ಷೇಪಣೆ ಬಲವಾದುದು, ಒಪ್ಪತಕ್ಕದ್ದು. ವೈದ್ಯರ ಪರೀಕ್ಷೆಯಿಂದ ಅಣ್ಣನಿಗೆ ಗಂಭೀರವಾದ ವಂಶಪಾರಂಪರ್ಯ ರೋಗ ತಿಳಿದರೆ ಅದನ್ನು ತಂಗಿಗೆ ಏಕಾಂತದಲ್ಲಿ ತಿಳಿಸುವುದು ಅವನ ಕರ್ತವ್ಯ. ಆದರೆ ತಂಗಿಗೆ ತಿಳಿಸುವುದಕ್ಕೂ ಲೋಕದ ಭಂಡಾರದಲ್ಲಿ ಇಡುವುದಕ್ಕೂ ಅಂತರ ದೊಡ್ಡದು.

ಚಿಕ್ಕ ಸಮಾಜದ ದೊಡ್ಡ ಅಪಾಯ

ನಮಗೆ ಹೆಚ್ಚಿನ ಅಪಾಯವಿರುವುದು ದೂರದ ಕಳ್ಳರಿಂದಲ್ಲ, ಹತ್ತಿರದ ಮದುವೆಯ ಮಾತುಕತೆಯಿಂದ. ಜಾತಕ, ಸಂಬಳ, ಬಣ್ಣಗಳ ಸಾಲಿಗೆ ನಾಳೆ ಡಿ.ಎನ್.ಎ. ವರದಿಯೂ ಸೇರಿದರೆ, ವಾಹಕಳೆಂಬ ಒಂದೇ ಪದದಿಂದ ಆರೋಗ್ಯವಂತಳಾದ ಕನ್ಯೆಯೊಬ್ಬಳು ಜೀವನಪರ್ಯಂತ ಕಳಂಕವನ್ನು ಹೊರಬೇಕಾದೀತು. ಅವಳ ತಂಗಿಯರೂ ಹೊರಬೇಕಾದೀತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲುಗಳನ್ನು ಕೆಡಿಸುವ ಕಾಯಿಲೆಯೊಂದು ಕಂಡುಬಂತು. ಆಹಾರದ ದೋಷವೆಂದು ಮೊದಲು ಸಂದೇಹಪಟ್ಟರು. ಅನುವಂಶೀಯವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಊರಿನ ಹೆಸರೇ ರೋಗದ ಹೆಸರಾಗಿ ನಿಂತಿತು. ಊರವರನ್ನು ಕೇಳಿ ಇಟ್ಟ ಹೆಸರಲ್ಲ ಅದು.

ಪರೀಕ್ಷೆಯ ಜ್ಞಾನ ವಿವೇಕದ ಕೈಗೇ ಹೋಗುತ್ತದೆಂಬ ಭರವಸೆ ನಮಗೆ ಇರಕೂಡದು. 2001ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ನೂರಕ್ಕೆ 94, ದೇಶದಲ್ಲೇ ಮೊದಲನೆಯದು. ಅದೇ ಗಣತಿಯಲ್ಲಿ ಆರು ವರ್ಷದೊಳಗಿನ ಜೈನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 870. 2011ರಲ್ಲಿ 889. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲೇ ಬಂದಿತ್ತು. ಇರುವೆಗೂ ದಯೆ ತೋರುವ ಸಮಾಜದಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಏನಾಯಿತೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಹೊಸ ಪರೀಕ್ಷೆಯನ್ನು ಬರಮಾಡಿಕೊಳ್ಳುವ ಮೊದಲು ಹಳೆಯದರ ಲೆಕ್ಕವನ್ನು ನೋಡಬೇಕು.

ಕರ್ತವ್ಯ

ಕುಟುಂಬಗಳು ಮಾಡಬೇಕಾದುದು ಇಷ್ಟು. ಮೂರು ತಲೆಮಾರಿನ ವಂಶವೃಕ್ಷವನ್ನು ಬರೆದು, ಯಾರಿಗೆ ಯಾವ ಕಾಯಿಲೆ ಯಾವ ವಯಸ್ಸಿನಲ್ಲಿ ಬಂತೆಂದು ಗುರುತಿಸಿ ವೈದ್ಯರಿಗೆ ತೋರಿಸಿರಿ. ಸೋದರಸಂಬಂಧದ ಮದುವೆಗಳನ್ನೂ ಅದರಲ್ಲಿ ಕಾಣಿಸಿರಿ. ಖರ್ಚಿಲ್ಲದ ಮೊದಲ ಪರೀಕ್ಷೆ ಇದೇ. ಹೆಚ್ಚಿನದು ಬೇಕಾದರೆ ಹುಮನಾಬಾದಿನ ಮೇಲೆ ಹಾಯುವ ಹೆದ್ದಾರಿಯಲ್ಲೇ ಹೈದರಾಬಾದಿದೆ. ಅಲ್ಲಿಯ ನಿಮ್ಸ್ ಆಸ್ಪತ್ರೆಯಲ್ಲಿ ತಳಿವೈದ್ಯ ವಿಭಾಗವಿದೆ. ಅಲ್ಲಿ ಪರೀಕ್ಷೆಗೆ ಕಾರಣವಿರುತ್ತದೆ, ಫಲಿತಾಂಶವನ್ನು ಬಿಡಿಸಿ ಹೇಳುವ ವೈದ್ಯರಿರುತ್ತಾರೆ. ಕುತೂಹಲಕ್ಕಾಗಿ ನಳಿಗೆ ತುಂಬಬೇಡಿರಿ; ಮಕ್ಕಳದನ್ನು ಸರ್ವಥಾ ಬೇಡ. ಈಗಾಗಲೇ ಕಳುಹಿಸಿದವರು ನೆಂಟರನ್ನು ತೋರಿಸುವ ಸೌಲಭ್ಯವನ್ನು ಮುಚ್ಚಿ, ಮಾಹಿತಿಯನ್ನು ಅಳಿಸಲು, ಮಾದರಿಯನ್ನು ನಾಶಮಾಡಲು ಬರೆದು ಕೇಳಿರಿ.

ಬಸದಿಗಳ ಟ್ರಸ್ಟುಗಳು ವಧು-ವರ ಸಮಾವೇಶದ ಪರಿಚಯಪತ್ರದಲ್ಲಿ ವಂಶವಾಹಿಯ ವರದಿಯನ್ನು ಕೇಳುವುದಿಲ್ಲವೆಂದು ಈಗಲೇ ಠರಾವು ಮಾಡಲಿ. ಬಸದಿಯ ಆವರಣದಲ್ಲಿ ಕಂಪನಿಗಳು ಉಚಿತ ಶಿಬಿರದ ಹೆಸರಿನಲ್ಲಿ ಮಾದರಿ ಸಂಗ್ರಹಿಸಲು ಅವಕಾಶ ಕೊಡದಿರಲಿ. ಥಲಸ್ಸೀಮಿಯಾ ಪರೀಕ್ಷೆಗೆ ಸರಕಾರಿ ಆಸ್ಪತ್ರೆಯ ನೆರವಿನಿಂದ ಏರ್ಪಾಡು ಮಾಡಿದರೆ ಪುಣ್ಯದ ಕೆಲಸ. ಆದರೆ ಫಲಿತಾಂಶ ಪರೀಕ್ಷೆ ಮಾಡಿಸಿಕೊಂಡವರ ಕೈಗೆ ಮಾತ್ರ ಹೋಗಲಿ, ಟ್ರಸ್ಟಿನ ವಹಿಯಲ್ಲಿ ಒಂದಕ್ಷರವೂ ಉಳಿಯದಿರಲಿ. ಬಸದಿಯ ಹೊನ್ನಿಗೆ ಲೆಕ್ಕವಿಟ್ಟು ಕಾಯುವ ಪಂಚರು ಇದರ ಬೆಲೆಯನ್ನು ಬಲ್ಲರು; ನ್ಯಾಸವನ್ನು ಕಾಯುವುದು ಹೇಗೆಂದು ಅವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ.